ಕಾರಹುಣ್ಣಿಮೆಗೆ ಬೀಜ, ನವರಾತ್ರಿಗೆ ಹೂ

ಜಿನ್ನಿಯಾ, ಆಸ್ಟರ್, ಕಾಸ್ಮಾಸ್, ಚೆಂಡುಹೂ, ಕೋಳಿಜುಟ್ಟು, ಕರ್ಣಕುಂಡಲ ಎಲ್ಲವೂ ಮೊಳೆತು, ಹೂ ಬಿಟ್ಟು, ಬೀಜ ಕೊಟ್ಟು ಒಂದೇ ಋತುವಿನಲ್ಲಿ ಮುಗಿಯುವ ಗಿಡಗಳು. ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ ಮುಂದಿರುವ ಕಿರಿದಾದ ಜಾಗದಲ್ಲಿ ಇವನ್ನು ನಾನು ಬೀಜದಿಂದಲೇ ಬೆಳೆಸುತ್ತೇನೆ. ನರ್ಸರಿಯಿಂದ ಹೂ ಬಿಟ್ಟ ಮೇಲೆ ತಂದ ಗಿಡಕ್ಕೆ ಆಯಸ್ಸು ಅರ್ಧ ಕಳೆದಿರುತ್ತದೆ. ಬೀಜ ಹಾಕಿ ಬೆಳೆಸಿದ ಗಿಡ ನಮ್ಮ ಮಣ್ಣಿಗೆ ಒಗ್ಗಿಕೊಂಡು ಬೆಳೆಯುತ್ತದೆ, ಹೂವನ್ನೂ ಹೆಚ್ಚು ದಿನ ಕೊಡುತ್ತದೆ. ಕಷ್ಟದ ವಿಷಯ ಒಂದೇ, ಯಾವಾಗ ಬಿತ್ತಬೇಕು ಅನ್ನೋದು.

ಕುಪ್ಪಣ್ಣ ಪಾರ್ಕಿನಲ್ಲಿ ದಸರಾ ಫಲಪುಷ್ಪ ಪ್ರದರ್ಶನ ನಡೆಯುವಾಗ ನಮ್ಮ ಅಂಗಳದಲ್ಲೂ ಹೂ ತುಂಬಿರಬೇಕು ಎಂಬುದು ನನ್ನ ಆಸೆ. ಆದರೆ ವಿಜಯದಶಮಿ 2023ರಲ್ಲಿ ಅಕ್ಟೋಬರ್ 24ಕ್ಕೆ ಬಂದರೆ 2025ರಲ್ಲಿ ಅಕ್ಟೋಬರ್ 2ಕ್ಕೇ ಬಂತು. ಇಂಗ್ಲಿಷ್ ತಿಂಗಳು ನೋಡಿ ಬಿತ್ತಿದರೆ ಲೆಕ್ಕ ಕೂಡುವುದಿಲ್ಲ. ಅದಕ್ಕೇ ನಾನು ಪಂಚಾಂಗ ಹಿಡಿದು ನವರಾತ್ರಿಯಿಂದ ಹಿಂದಕ್ಕೆ ಎಣಿಸುತ್ತೇನೆ. ಕಾರಹುಣ್ಣಿಮೆಯಿಂದ ನವರಾತ್ರಿ ಪಾಡ್ಯಕ್ಕೆ 103 ಅಥವಾ 104 ದಿನ. ನಿಧಾನವಾಗಿ ಬೆಳೆಯುವ ಆಸ್ಟರ್‌ಗೆ ಸರಿಯಾಗಿ ಅಷ್ಟು ಬೇಕು. ದೊಡ್ಡ ಚೆಂಡುಹೂವಿನ ಬೀಜ ಆಷಾಢ ಹುಣ್ಣಿಮೆಗೆ ಬೀಳುತ್ತದೆ. ಭೀಮನ ಅಮಾವಾಸ್ಯೆಗೆ ಉಳಿಯುವುದು 60 ದಿನ, ಜಿನ್ನಿಯಾಗೆ ಅಷ್ಟು ಸಾಕು. ನಡುವೆ ಅಧಿಕ ಮಾಸ ಬಂದರೆ ಒಂದು ತಿಂಗಳು ತಡೆಯಬೇಕು. 2023ರಲ್ಲಿ ಅಧಿಕ ಶ್ರಾವಣ ಬಂದಿತ್ತಲ್ಲ, ಅಂಥ ವರ್ಷ ಭೀಮನ ಅಮಾವಾಸ್ಯೆಗೆ ಬಿತ್ತಿದ ಜಿನ್ನಿಯಾ ಗೌರಿ ಹಬ್ಬದ ಹೊತ್ತಿಗೇ ಅರಳಿಬಿಡುತ್ತದೆ.

ಆಷಾಢದಲ್ಲಿ ಮೈಸೂರಿನ ಗಾಳಿ, ತುಂತುರು ಗೊತ್ತಿರುವುದೇ. ಬಯಲಲ್ಲಿ ಒಟ್ಲು ಬಿಟ್ಟರೆ ಸಣ್ಣ ಬೀಜ ಕೊಚ್ಚಿಹೋಗುತ್ತದೆ. ಹಾಗಾಗಿ ಟ್ರೇಗಳನ್ನು ಸೂರಿನ ಕೆಳಗೆ, ಬೆಳಕು ಚೆನ್ನಾಗಿ ಬೀಳುವ ಕಡೆ ಇಡುತ್ತೇನೆ. ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಜರಡಿ ಹಿಡಿದ ಎರೆಗೊಬ್ಬರ ಸಮಸಮ, ಜೊತೆಗೆ ಒಂದು ಹಿಡಿ ಟ್ರೈಕೋಡರ್ಮ, ಅಂದರೆ ರೋಗ ತರುವ ಶಿಲೀಂಧ್ರವನ್ನು ಹತ್ತಿಕ್ಕುವ ಉಪಕಾರಿ ಶಿಲೀಂಧ್ರದ ಪುಡಿ. ಜಿನ್ನಿಯಾ ಬೀಜದ ಮೇಲೆ ಅರ್ಧ ಸೆಂಟಿಮೀಟರ್ ಮಣ್ಣು ಸಾಕು, ನಾಲ್ಕೈದು ದಿನಕ್ಕೆ ಮೊಳಕೆ ಏಳುತ್ತದೆ. ಆಸ್ಟರ್‌ಗೆ ಹತ್ತು ದಿನವಾದರೂ ಬೇಕು, ತಾಳ್ಮೆ ಇರಲಿ.

ಈ ಹಂತದಲ್ಲಿ ನೀರಿನ ಮೇಲೆ ಕೈ ಹಿಡಿತ ಬೇಕು. ಮೇಲ್ಮಣ್ಣು ಸದಾ ಒದ್ದೆಯಾಗಿದ್ದರೆ ಎಳೆ ಸಸಿಯ ಬುಡ ನೆಲಮಟ್ಟದಲ್ಲಿ ಕೊಳೆತು, ರಾತ್ರಿ ಬೆಳಗಾಗುವುದರಲ್ಲಿ ಸಾಲಿಗೆ ಸಾಲೇ ಮಲಗುತ್ತದೆ. ಬುಡಕೊಳೆ ರೋಗಕ್ಕೆ ಮೂಲ ಮಣ್ಣಿನಲ್ಲಿರುವ ಶಿಲೀಂಧ್ರ. ನೀರು, ಇಕ್ಕಟ್ಟು, ಗಾಳಿ ಆಡದಿರುವುದು ಅದಕ್ಕೆ ಅನುಕೂಲ. ಬೆಳಗ್ಗೆ ಮಾತ್ರ ನೀರು ಕೊಟ್ಟು, ಸಂಜೆ ಹೊತ್ತಿಗೆ ಮೇಲ್ಮಣ್ಣು ಆರಲು ಬಿಡುತ್ತೇನೆ.

ಒತ್ತಾಗಿ ಎದ್ದ ಪೈರನ್ನು ತೆಳು ಮಾಡುವಾಗ ಪಕ್ಕದ ಮನೆಯಾಕೆ ನೋಡಿ, “ಅಯ್ಯೋ ಅಕ್ಕಾ, ಚೆನ್ನಾಗಿರೋವನ್ನೂ ಕೀಳ್ತಿದೀರಲ್ಲ!” ಅಂದರು. ಕೀಳಲೇಬೇಕು. ಜಿನ್ನಿಯಾ ಗಿಡದಿಂದ ಗಿಡಕ್ಕೆ ಒಂದು ಅಡಿ ಅಂತರ ಇಲ್ಲದಿದ್ದರೆ ಶ್ರಾವಣದ ಮೋಡಕ್ಕೆ ಎಲೆಯೆಲ್ಲ ಬೂದಿ ರೋಗ. ನಾಲ್ಕೈದು ಎಲೆ ಬಂದ ಸಸಿಗಳನ್ನು ಸಂಜೆ ಹೊತ್ತು ನೆಲಕ್ಕೆ ನಾಟಿ ಮಾಡುತ್ತೇನೆ. ನಮ್ಮ ಕೆಂಪು ಮಣ್ಣಿಗೆ ಹಳೆಯ ಕೊಟ್ಟಿಗೆ ಗೊಬ್ಬರ, ಸ್ವಲ್ಪ ಬೇವಿನ ಹಿಂಡಿ. ಕಾಸ್ಮಾಸ್‌ಗೆ ಗೊಬ್ಬರ ಹೆಚ್ಚಾದರೆ ಸೊಪ್ಪೇ ಸೊಪ್ಪು, ಹೂ ತಡ. ಆಸ್ಟರ್ ಇದ್ದ ಜಾಗಕ್ಕೆ ಮರುವರ್ಷ ಆಸ್ಟರ್ ಹಾಕುವುದಿಲ್ಲ, ಸೊರಗು ರೋಗ ಮಣ್ಣಲ್ಲೇ ಉಳಿದಿರುತ್ತದೆ.

ಜಿನ್ನಿಯಾ, ಚೆಂಡುಹೂ ಗಿಡಗಳು ಒಂದು ಗೇಣಿಗೆ ಬಂದಾಗ ಕುಡಿ ಚಿವುಟುತ್ತೇನೆ. ಹೂ ಒಂದು ವಾರ ತಡವಾಗಬಹುದು, ಆದರೆ ಕವಲು ಒಡೆದು ಒಂದರ ಜಾಗದಲ್ಲಿ ಏಳೆಂಟು ಮೊಗ್ಗು. ಬಾಡಿದ ಹೂವನ್ನು ಆಗಾಗ ಕತ್ತರಿಸಿದರೆ ಗಿಡ ಬೀಜ ಕಟ್ಟುವ ಕಡೆ ತಿರುಗದೆ ಮತ್ತೆ ಮೊಗ್ಗು ಬಿಡುತ್ತದೆ.

ಬೀಜಕ್ಕೆಂದು ಒಳ್ಳೆಯ ಬಣ್ಣದ ಕೆಲವು ಹೂಗಳನ್ನು ಗಿಡದಲ್ಲೇ ಒಣಗಲು ಬಿಡುತ್ತೇನೆ. ಜಿನ್ನಿಯಾದ ಒಣ ಎಸಳು ಕಿತ್ತರೆ ಬುಡದಲ್ಲಿ ಬಾಣದ ಮೊನೆಯಂಥ ಬೀಜ. ಕರ್ಣಕುಂಡಲದ ಕಾಯಿ ಮುಟ್ಟಿದರೆ ಸಿಡಿಯುತ್ತದೆ, ಹಳದಿಗೆ ತಿರುಗುವಾಗಲೇ ಕವರು ಹಿಡಿದು ಬಿಡಿಸಬೇಕು. ನೆರಳಲ್ಲಿ ಒಣಗಿಸಿ, ಪೇಪರ್ ಕವರಿನಲ್ಲಿ ಹಾಕಿ, ಹೆಸರು, ವರ್ಷ ಬರೆದು ಸ್ಟೀಲ್ ಡಬ್ಬಿಗೆ. ಹೈಬ್ರಿಡ್ ಗಿಡದ ಬೀಜದಿಂದ ತಾಯಿಯ ಬಣ್ಣವೇ ಬರುತ್ತದೆಂಬ ನೆಚ್ಚಿಗೆ ಇಲ್ಲ. ಆಸ್ಟರ್‌ಗೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಕಾಮಿನಿ, ಪೂರ್ಣಿಮಾ, ಶಶಾಂಕ್ ತಳಿಗಳು ನನಗೆ ಅಚ್ಚುಮೆಚ್ಚು. ಅದರಲ್ಲೂ ಕಾಮಿನಿಯ ಕಡುಗುಲಾಬಿ!

ಮಹಾಲಯ ಅಮಾವಾಸ್ಯೆಗೆ ಪೆಟೂನಿಯಾ ಬಿತ್ತುತ್ತೇನೆ. ಬೀಜ ಧೂಳಿನಷ್ಟು ಸಣ್ಣದು, ಮೊಳೆಯಲು ಬೆಳಕು ಬೇಕು. ಮೇಲೆ ಮಣ್ಣು ಮುಚ್ಚದೆ, ಒಣ ಮರಳಿನೊಂದಿಗೆ ಬೆರೆಸಿ ಉದುರಿಸಿ ನೀರು ಸಿಂಪಡಿಸಿದರೆ ಸಾಕು. ದಸರಾ ಕಳೆದು ಜಿನ್ನಿಯಾ ಕಿತ್ತ ಜಾಗಕ್ಕೆ ಈ ಸಸಿಗಳು ಇಳಿಯುತ್ತವೆ, ಸಂಕ್ರಾಂತಿಗೆ ಹೂ ಬಿಡುತ್ತವೆ.