ಪದವಿ ಇತ್ತು, ಪ್ಯಾರಾಲೀಗಲ್ ಕೆಲಸ ಹೊಸದಾಗಿ ಕಲಿತೆ

ನಾನು ಶಿವಮೊಗ್ಗದಲ್ಲಿ ಎಂಟು ವರ್ಷ ಕೆಮಿಸ್ಟ್ರಿ ಪಾಠ ಮಾಡಿದವಳು. ಗಂಡನ ಕೆಲಸದ ಜೊತೆ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ ಬಂದೆ. ಕೆಲಸದ ಪರ್ಮಿಟ್ ಕೈಗೆ ಬಂದಾಗ ವಯಸ್ಸು ಮೂವತ್ತೆಂಟು. ಕಾನೂನು ಓದೋಣ ಅಂದರೆ ಇನ್ನೂ ಮೂರು ವರ್ಷ, ಫೀಸೂ ಜಾಸ್ತಿ. ಪ್ಯಾರಾಲೀಗಲ್ ಅಂದರೆ ವಕೀಲರ ಕೈಕೆಳಗೆ ಕಾನೂನಿನ ಕಾಗದಪತ್ರದ ಕೆಲಸ ಮಾಡುವವರು. ಅದರ ಆನ್‌ಲೈನ್ ಸರ್ಟಿಫಿಕೇಟ್ ನನಗೆ ಸರಿ ಅನಿಸಿತು.

ಆದರೆ ದುಡ್ಡು ಕಟ್ಟೋ ಮೊದಲು ಒಂದು ಕೆಲಸ ಮಾಡಿ. ಕ್ಯಾಲಿಫೋರ್ನಿಯಾದಲ್ಲಿ ಯಾರೂ ಸುಮ್ನೆ ಪ್ಯಾರಾಲೀಗಲ್ ಅಂತ ಹೇಳಿಕೊಳ್ಳುವ ಹಾಗಿಲ್ಲ. ಬಿಸಿನೆಸ್ ಅಂಡ್ ಪ್ರೊಫೆಷನ್ಸ್ ಕೋಡ್ ಅನ್ನೋ ರಾಜ್ಯದ ಕಾನೂನಿನ 6450ನೇ ಸೆಕ್ಷನ್ ಓದಿಕೊಳ್ಳಿ. ವಕೀಲರ ಸಂಘವಾದ ಅಮೆರಿಕನ್ ಬಾರ್ ಅಸೋಸಿಯೇಷನ್ ಒಪ್ಪಿದ ಕೋರ್ಸಿನ ಸರ್ಟಿಫಿಕೇಟ್ ಇರಬೇಕು, ಇಲ್ಲ ಮಾನ್ಯತೆ ಇರುವ ಕಾಲೇಜಿನಲ್ಲಿ ಕಾನೂನಿನ ವಿಷಯಗಳದ್ದೇ ಕನಿಷ್ಠ 24 ಸೆಮಿಸ್ಟರ್ ಯೂನಿಟ್ (ಅಂದರೆ ಕ್ರೆಡಿಟ್) ಮುಗಿಸಿರಬೇಕು, ಅದೂ ಇಲ್ಲ ಅಂದರೆ ಯಾವುದೇ ಪದವಿಯ ಜೊತೆ ವಕೀಲರ ಕೈಕೆಳಗೆ ಒಂದು ವರ್ಷ ಕೆಲಸ ಮಾಡಿ, ಈ ಕೆಲಸಕ್ಕೆ ಅರ್ಹರು ಅಂತ ಅವರಿಂದ ಬರೆಸಿಕೊಂಡಿರಬೇಕು. ನಾನು ಮೊದಲು ಫೋನ್ ಮಾಡಿದ ಕಡೆ ಆರು ವಾರದ ಕೋರ್ಸೇ ಸಾಕು ಅಂದರು. ಯೂನಿಟ್ ಎಷ್ಟು ಅಂತ ಕೇಳಿದೆ, ಉತ್ತರ ಬರಲಿಲ್ಲ. ಬಿಟ್ಟುಬಿಟ್ಟೆ.

ನಮ್ಮೂರಿನ ಪದವಿಯನ್ನು ಇಲ್ಲಿನ ಲೆಕ್ಕಕ್ಕೆ ಹೋಲಿಸಿ ವರದಿ ಕೊಡುವವರಿದ್ದಾರೆ, ಅದನ್ನು ಮೊದಲೇ ಮಾಡಿಸಿ. ಮೂರು ವರ್ಷದ ಬಿ.ಎಸ್ಸಿ.ಯನ್ನು ಎಷ್ಟೋ ಕಡೆ ಇಲ್ಲಿನ ನಾಲ್ಕು ವರ್ಷದ ಪದವಿಗೆ ಸಮ ಅಂತ ಒಪ್ಪುವುದಿಲ್ಲ. ನನ್ನ ಎಂ.ಎಸ್ಸಿ. ಇದ್ದದ್ದಕ್ಕೆ ತೊಂದರೆ ಆಗಲಿಲ್ಲ.

ಮಗಳು ಮಲಗಿದ ಮೇಲೆ, ರಾತ್ರಿ ಒಂಬತ್ತಕ್ಕೆ ಓದಲು ಕೂರುತ್ತಿದ್ದೆ. ಕಾನೂನಿನ ಮೆಮೊ ಬರೆಯೋದು ಬೇಗ ಹಿಡಿತಕ್ಕೆ ಬಂತು. ಪ್ರಶ್ನೆ ಏನು, ನಿಯಮ ಏನು, ಅದು ಈ ಕೇಸಿಗೆ ಹೇಗೆ ಕೂರುತ್ತೆ, ಕೊನೆಗೆ ಏನು ತೇಲುತ್ತೆ: ಲ್ಯಾಬ್ ರೆಕಾರ್ಡ್ ತಿದ್ದಿ ತಿದ್ದಿ ರೂಢಿಯಾದ ಶಿಸ್ತೇ ಅಲ್ವಾ!

ಕಷ್ಟ ಆದದ್ದು ದಿನ ಎಣಿಸೋದು. ಇಲ್ಲಿನ ಸಿವಿಲ್ ಕೇಸಿನಲ್ಲಿ ಸಾಮಾನ್ಯವಾಗಿ ಮೋಷನ್ ಕಾಗದಗಳನ್ನು, ಅಂದರೆ ಕೋರ್ಟಿಗೆ ಸಲ್ಲಿಸುವ ಮನವಿಗಳನ್ನು, ವಿಚಾರಣೆಗೆ 16 ಕೋರ್ಟ್ ದಿನ (ಕೋರ್ಟ್ ತೆರೆದಿರುವ ದಿನ) ಮುಂಚೆ ಎದುರಿನವರಿಗೆ ಕಳಿಸಿರಬೇಕು. ರಾಜ್ಯದೊಳಗೇ ಅಂಚೆಯಲ್ಲಿ ಕಳಿಸಿದರೆ ಇನ್ನೂ ಐದು ದಿನ ಸೇರುತ್ತೆ, ಆ ಐದು ಮಾತ್ರ ರಜೆಯೂ ಸೇರಿದ ಕ್ಯಾಲೆಂಡರ್ ದಿನ. ಒಂದು ಅಸೈನ್‌ಮೆಂಟ್‌ನಲ್ಲಿ ಫೆಬ್ರವರಿ ಕೊನೆಯ ವಿಚಾರಣೆಯಿಂದ ಹಿಂದಕ್ಕೆ ಎಣಿಸುತ್ತಾ ಬಂದೆ. ಶನಿವಾರ, ಭಾನುವಾರ, ಪ್ರೆಸಿಡೆಂಟ್ಸ್ ಡೇ ಎಲ್ಲ ಬಿಟ್ಟಿದ್ದೆ. ಫೆಬ್ರವರಿ 12 ಲಿಂಕನ್ ಹುಟ್ಟಿದ ದಿನ, ಫೆಡರಲ್ ಕೋರ್ಟಿಗೆ ರಜೆ ಇಲ್ಲ, ನಮ್ಮ ಸ್ಟೇಟ್ ಕೋರ್ಟಿಗೆ ಇದೆ. ಅದನ್ನು ಎಣಿಸಿಬಿಟ್ಟಿದ್ದೆ. ಒಂದು ದಿನ ತಡ. ಟೀಚರ್ ಕೆಂಪು ಅಕ್ಷರದಲ್ಲಿ ಆ ತಾರೀಖನ್ನಷ್ಟೇ ಬರೆದಿದ್ದರು. ಇವತ್ತಿಗೂ ಗೋಡೆಯ ಕ್ಯಾಲೆಂಡರ್ ಮೇಲೆ ಪೆನ್ಸಿಲ್ ಹಿಡಿದೇ ಎಣಿಸುತ್ತೇನೆ, ಎರಡು ಸಲ.

ಈಗ ಇಬ್ಬರು ವಕೀಲರ ಸಣ್ಣ ಆಫೀಸಿನಲ್ಲಿದ್ದೇನೆ. ಕೆಲಸ ಇಷ್ಟವಾಗಿದೆ. ಕಷ್ಟ ಇರೋದು ಹೊರಗೆ. ಕನ್ನಡ ಕೂಟದ ಯುಗಾದಿ ಊಟದಲ್ಲಿ ಪರಿಚಯದ ಹುಡುಗ ಪಕ್ಕಕ್ಕೆ ಕರೆದು, "ಅಕ್ಕಾ, ಮನೆ ಓನರ್ ಖಾಲಿ ಮಾಡು ಅಂತ ನೋಟಿಸ್ ಕೊಟ್ಟಿದ್ದಾರೆ, ಏನು ಮಾಡ್ಲಿ ಹೇಳಿ" ಅಂದ. ಉತ್ತರ ನನಗೆ ಗೊತ್ತಿತ್ತು. ಆದರೆ ಪ್ಯಾರಾಲೀಗಲ್ ಆದವರು ಕಾನೂನು ಸಲಹೆ ಕೊಡುವಂತಿಲ್ಲ, ಆ 6450ರಲ್ಲೇ ಇದೆ. ಅವನ ಮುಖ ನೋಡಿ ಸಂಕಟವಾಯಿತು. "ಇದನ್ನು ನಾನು ಹೇಳೋ ಹಾಗಿಲ್ಲಪ್ಪಾ, ನಾಳೆ ಬೆಳಗ್ಗೆನೇ ವಕೀಲರನ್ನ ನೋಡು, ತಡ ಮಾಡಬೇಡ" ಅಂದೆ. ಅಲ್ಲೇ ನಿಂತು ನಂಬರ್ ಹುಡುಕಿ ಕೊಟ್ಟೆ.