ನಂಬರ್ ಒಂದು ಸಿಮ್‌ನಲ್ಲಿ, ಇಂಟರ್ನೆಟ್ ಇನ್ನೊಂದರಲ್ಲಿ

ಹೊರದೇಶದಲ್ಲಿ ಫೋನ್ ಬಿಲ್ ಏರುವುದು ನಾವು ಮಾತಾಡಿದ್ದರಿಂದ ಅಲ್ಲ. ಬಹುಪಾಲು ಏರುವುದು ಫೋನ್ ನಮ್ಮನ್ನು ಕೇಳದೆ ಮಾಡುವ ಕೆಲಸಗಳಿಂದ. ಫೋಟೋಗಳು ಕ್ಲೌಡ್‌ಗೆ ಹೋಗುತ್ತಿರುತ್ತವೆ, ಆ್ಯಪ್‌ಗಳು ಅಪ್‌ಡೇಟ್ ಆಗುತ್ತಿರುತ್ತವೆ, ವಾಟ್ಸಾಪ್ ಗುಂಪಿಗೆ ಯಾರೋ ಹಾಕಿದ ಗುಡ್ ಮಾರ್ನಿಂಗ್ ವಿಡಿಯೊ ತಾನಾಗಿ ಇಳಿಯುತ್ತಿರುತ್ತದೆ. ರೋಮಿಂಗ್ ಡೇಟಾ ಆನ್ ಇದ್ದರೆ ಇದೆಲ್ಲಕ್ಕೂ ದುಡ್ಡು. ಒಂದೇ ದೇಶಕ್ಕೆ ಹೋಗುವವರು ಅಲ್ಲಿನ ಸಿಮ್ ಕೊಂಡು ನಿಶ್ಚಿಂತೆಯಾಗಿ ಇರಬಹುದು. ನಾಲ್ಕಾರು ದೇಶ ದಾಟುವವರಿಗೆ ಪ್ರತಿ ಗಡಿಯಲ್ಲೂ ಲೆಕ್ಕ ಬದಲಾಗುತ್ತದೆ.

ನಾನು ಪಾಲಿಸುವ ಕ್ರಮ ಸರಳ. ನಂಬರ್ ಬೇರೆ, ಇಂಟರ್ನೆಟ್ ಬೇರೆ. ಊರಿನ ಸಿಮ್ ಫೋನಿನಲ್ಲೇ ಇರುತ್ತದೆ, ಆದರೆ ಅದರ ಕೆಲಸ ಬ್ಯಾಂಕಿನ ಒಟಿಪಿ ತೆಗೆದುಕೊಳ್ಳುವುದು ಮಾತ್ರ. ರೋಮಿಂಗ್‌ನಲ್ಲಿ ಬರುವ ಎಸ್‌ಎಂಎಸ್‌ಗೆ ಸಾಮಾನ್ಯವಾಗಿ ದುಡ್ಡಿಲ್ಲ. ಬರುವ ಕರೆಗೆ ಇದೆ. ಹಾಗಾಗಿ ಊರಿನ ನಂಬರಿಗೆ ಕರೆ ಬಂದರೆ ಎತ್ತುವುದಿಲ್ಲ, ವಾಟ್ಸಾಪ್‌ನಲ್ಲಿ ನಾನೇ ಮಾಡುತ್ತೇನೆ. ಮನೆಯವರಿಗೂ ಹಾಗೆಂದೇ ಹೇಳಿರುತ್ತೇನೆ.

ಎತ್ತದಿದ್ದರೂ ದುಡ್ಡು ಹೋಗುವ ಒಂದು ದಾರಿ ಇದೆ. ಎತ್ತದ ಕರೆ ವಾಯ್ಸ್‌ಮೇಲ್‌ಗೋ ಬೇರೆ ನಂಬರಿಗೋ ಹೋಗಲಿ ಎಂದು ಫಾರ್ವರ್ಡ್ ಇಟ್ಟಿದ್ದರೆ, ಆ ಕರೆ ಮೊದಲು ನಾವಿರುವ ದೇಶಕ್ಕೆ ಬಂದು, ಮತ್ತೆ ಅಲ್ಲಿಂದ ಊರಿಗೆ ತಿರುಗುತ್ತದೆ. ಬಂದ ಕರೆಗೊಂದು, ಹೊರಟ ಅಂತರರಾಷ್ಟ್ರೀಯ ಕರೆಗೊಂದು, ಹೀಗೆ ಎರಡು ಸಲ ದುಡ್ಡು ಬೀಳಬಹುದು. ವಿಮಾನ ಹತ್ತುವ ಮುಂಚೆ ##002# ಒತ್ತಿದರೆ ಎಲ್ಲ ಫಾರ್ವರ್ಡಿಂಗ್ ರದ್ದಾಗುತ್ತದೆ. ಇದನ್ನು ನಾನು ಹೊರಡುವ ಮುಂಚೆಯೇ ಮಾಡಿಬಿಡುತ್ತೇನೆ.

ಇನ್ನು ಇಂಟರ್ನೆಟ್. ಈಗ ನನ್ನ ಮೊದಲ ಆಯ್ಕೆ ಇ-ಸಿಮ್, ಅಂದರೆ ಕಾರ್ಡ್ ಇಲ್ಲದೆ ಫೋನಿನೊಳಗೇ ಇಳಿಸಿಕೊಳ್ಳುವ ಸಿಮ್. ನಿಮ್ಮ ಫೋನ್‌ಗೆ ಇ-ಸಿಮ್ ಹಿಡಿಸುತ್ತದೋ ಇಲ್ಲವೋ ನೋಡಲು *#06# ಒತ್ತಿ. ಐಎಂಇಐ (ಫೋನಿನ ಗುರುತಿನ ಸಂಖ್ಯೆ) ಜೊತೆ ಇಐಡಿ ಎಂಬ ಉದ್ದನೆಯ ಸಂಖ್ಯೆಯೂ ಬಂದರೆ ಸಾಮಾನ್ಯವಾಗಿ ಹಿಡಿಸುತ್ತದೆ ಎಂದರ್ಥ. ಜೊತೆಗೆ ಫೋನ್ ಒಂದೇ ಕಂಪನಿಯ ಸಿಮ್ ಮಾತ್ರ ನಡೆಯುವಂತೆ ಲಾಕ್ ಆಗಿರಬಾರದು. ಕಂತಿನಲ್ಲಿ ಕೊಂಡ ಫೋನ್ ಆದರೆ ಇದನ್ನು ಮೊದಲೇ ಕೇಳಿಕೊಳ್ಳಿ.

ಒಂದೊಂದು ದೇಶಕ್ಕೆ ಒಂದೊಂದು ಇ-ಸಿಮ್ ಕೊಳ್ಳುವುದಕ್ಕಿಂತ, ಹಲವು ದೇಶಗಳಿಗೆ ಸೇರಿಸಿ ಮಾರುವ ಪ್ರಾದೇಶಿಕ ಪ್ಯಾಕ್ ಬಸ್ಸು-ರೈಲಿನಲ್ಲಿ ಗಡಿ ದಾಟುವವರಿಗೆ ಹಿತ. ಒಂದು ಜಿಬಿಗೆ ಬೆಲೆ ಸ್ವಲ್ಪ ಜಾಸ್ತಿ ಇರಬಹುದು, ಆದರೆ ರಾತ್ರಿ ಹನ್ನೊಂದಕ್ಕೆ ಗೊತ್ತಿಲ್ಲದ ನಿಲ್ದಾಣದಲ್ಲಿ ಇಳಿದಾಗ ಸಿಮ್ ಅಂಗಡಿ ಹುಡುಕುವ ಕೆಲಸ ಇರುವುದಿಲ್ಲ. ಕೊಳ್ಳುವಾಗ ನಾನು ನೋಡುವುದು ಬೆಲೆಗಿಂತ ಮೊದಲು ದೇಶಗಳ ಪಟ್ಟಿ. ‘ಯುರೋಪ್’ ಎಂದು ಬರೆದ ಪ್ಯಾಕ್‌ನಲ್ಲಿ ಸ್ವಿಟ್ಜರ್‌ಲೆಂಡ್ ಇದೆಯೇ, ಟರ್ಕಿ ಇದೆಯೇ ಎಂದು ಒಂದೊಂದಾಗಿ ಓದುತ್ತೇನೆ. ಆಮೇಲೆ ಅವಧಿ ಯಾವಾಗಿಂದ ಶುರು ಎಂದು ನೋಡುತ್ತೇನೆ. ಕೆಲವು ಪ್ಯಾಕ್ ಇನ್‌ಸ್ಟಾಲ್ ಮಾಡಿದ ದಿನದಿಂದಲೇ ಓಡುತ್ತವೆ, ಕೆಲವು ಆ ದೇಶದ ನೆಟ್‌ವರ್ಕ್ ಹಿಡಿದ ಮೇಲೆ. ‘ಅನ್‌ಲಿಮಿಟೆಡ್’ ಎಂದಿದ್ದರೆ ದಿನಕ್ಕೆ ಎಷ್ಟು ಜಿಬಿ ಆದ ಮೇಲೆ ವೇಗ ಇಳಿಸುತ್ತಾರೆ ಎಂಬುದು ಸಣ್ಣ ಅಕ್ಷರದಲ್ಲಿ ಇರುತ್ತದೆ. ಲ್ಯಾಪ್‌ಟಾಪಿಗೆ ಹಾಟ್‌ಸ್ಪಾಟ್ ಬೇಕಿದ್ದರೆ ಅದಕ್ಕೆ ಬಿಡುತ್ತಾರೋ ಇಲ್ಲವೋ ನೋಡಿ.

ಇನ್‌ಸ್ಟಾಲ್ ಮಾಡಲು ಇಂಟರ್ನೆಟ್ ಬೇಕು. ಅದಕ್ಕೇ ಮನೆಯ ವೈ-ಫೈನಲ್ಲೇ ಮುಗಿಸಿ ಹೊರಡುವುದು ವಾಸಿ. ಒಮ್ಮೆ ಹಾಕಿದ ಇ-ಸಿಮ್ ಅನ್ನು ನಡುದಾರಿಯಲ್ಲಿ ಡಿಲೀಟ್ ಮಾಡಬೇಡಿ. ಇನ್‌ಸ್ಟಾಲ್ ಮಾಡಲು ಕಂಪನಿ ಕೊಟ್ಟ ಕ್ಯೂಆರ್ ಕೋಡ್ ಎರಡನೇ ಸಲ ಕೆಲಸ ಮಾಡುವುದು ಅಪರೂಪ. ಬೇಡವಾದಾಗ ಆಫ್ ಮಾಡಿಟ್ಟರೆ ಸಾಕು.

ಫೋನಿನಲ್ಲಿ ಎರಡು ಸಿಮ್ ಇದ್ದಾಗ ಒಂದು ಸೆಟ್ಟಿಂಗ್ ಮೇಲೆ ಕಣ್ಣಿಡಬೇಕು. ಒಂದು ಸಿಮ್‌ನ ಡೇಟಾ ಕುಂಟಿದರೆ ಇನ್ನೊಂದಕ್ಕೆ ತಾನೇ ಹಾರುವ ವ್ಯವಸ್ಥೆ ಐಫೋನ್‌ನಲ್ಲೂ ಇದೆ, ಇತ್ತೀಚಿನ ಆಂಡ್ರಾಯ್ಡ್ ಫೋನ್‌ಗಳಲ್ಲೂ ಇದೆ. ‘ಡೇಟಾ ಸ್ವಿಚಿಂಗ್’ ಎಂಬ ಹೆಸರಿರುತ್ತದೆ. ಸುರಂಗದಲ್ಲಿ ಇ-ಸಿಮ್ ಸಿಗ್ನಲ್ ಹೋದ ಕೂಡಲೇ ಫೋನ್ ಊರಿನ ಸಿಮ್‌ನ ದುಬಾರಿ ಡೇಟಾ ಹಿಡಿದರೆ ಇಷ್ಟೆಲ್ಲ ಮಾಡಿದ್ದು ಸುಮ್ನೆ ಆಯಿತಲ್ವಾ? ಅದನ್ನು ಆಫ್ ಮಾಡಿ. ಊರಿನ ಸಿಮ್‌ಗೆ ಡೇಟಾ ರೋಮಿಂಗ್ ಆಫ್, ಇ-ಸಿಮ್‌ಗೆ ಆನ್. ಇ-ಸಿಮ್‌ಗೆ ಯಾಕೆ ಆನ್ ಎಂದು ಹಲವರು ಗಾಬರಿಯಾಗುತ್ತಾರೆ. ಪ್ರವಾಸಿ ಇ-ಸಿಮ್‌ಗಳು ಬಹುತೇಕ ಬೇರೆ ಯಾವುದೋ ದೇಶದ ಕಂಪನಿಯವು, ನಾವಿರುವ ಕಡೆ ಅವೂ ರೋಮಿಂಗ್‌ನಲ್ಲೇ ಇರುತ್ತವೆ. ಆನ್ ಮಾಡದಿದ್ದರೆ ಇಂಟರ್ನೆಟ್ಟೇ ಬರುವುದಿಲ್ಲ.

ಹೊಸ ಸಿಮ್ ಕಂಡಾಗ ವಾಟ್ಸಾಪ್ ‘ನಂಬರ್ ಬದಲಾಯಿಸಲೇ’ ಎಂದು ಕೇಳಿದರೆ ಬೇಡ ಅನ್ನಿ. ಹಳೆಯ ನಂಬರಿನಲ್ಲೇ ಅದು ನಡೆಯುತ್ತದೆ.

ಹಾಗಾದರೆ ಸ್ಥಳೀಯ ಸಿಮ್ ಬೇಡವೇ? ಒಂದೇ ದೇಶದಲ್ಲಿ ಜಾಸ್ತಿ ದಿನ ಇರುವುದಾದರೆ, ಅಥವಾ ಅಲ್ಲಿನ ನಂಬರ್ ಬೇಕೇ ಬೇಕು ಎಂದಿದ್ದರೆ ಅದೇ ಅಗ್ಗ. ಪ್ರವಾಸಿ ಇ-ಸಿಮ್‌ಗಳಲ್ಲಿ ಹೆಚ್ಚಿನವಕ್ಕೆ ಫೋನ್ ನಂಬರೇ ಇರುವುದಿಲ್ಲ. ವಿಮಾನ ನಿಲ್ದಾಣದ ಕೌಂಟರಿಗಿಂತ ಊರೊಳಗಿನ ಅಂಗಡಿಯಲ್ಲಿ ಸಾಮಾನ್ಯವಾಗಿ ಕಡಿಮೆಗೆ ಸಿಗುತ್ತದೆ. ನಿಯಮ ಮಾತ್ರ ದೇಶಕ್ಕೊಂದು. ಥಾಯ್ಲೆಂಡ್‌ನಲ್ಲಿ ಪಾಸ್‌ಪೋರ್ಟ್ ತೋರಿಸಬೇಕು. ಜರ್ಮನಿಯಲ್ಲಿ 2017ರಿಂದ ಪ್ರಿಪೇಯ್ಡ್ ಸಿಮ್‌ಗೂ ಗುರುತಿನ ಪರಿಶೀಲನೆ ಕಡ್ಡಾಯ. ಬ್ರಿಟನ್‌ನಲ್ಲಿ ಸೂಪರ್ ಮಾರ್ಕೆಟ್‌ನಲ್ಲಿ ಬಿಸ್ಕತ್ತಿನ ಜೊತೆ ಸಿಮ್ ತೆಗೆದುಕೊಂಡು ಬರಬಹುದು, ಗುರುತು ಕೇಳುವುದಿಲ್ಲ. ಜಪಾನ್‌ನಲ್ಲಿ ಪ್ರವಾಸಿಗಳಿಗೆ ಸಿಗುವುದು ಬಹುಪಾಲು ಡೇಟಾ ಸಿಮ್ ಮಾತ್ರ. ಟರ್ಕಿಯಲ್ಲಿ ಹೊರಗಿನ ಫೋನ್‌ಗೆ ಅಲ್ಲಿನ ಸಿಮ್ ಹಾಕಿ ಬಳಸಿದರೆ 120 ದಿನಗಳ ನಂತರ ಐಎಂಇಐ ಬ್ಲಾಕ್ ಆಗುತ್ತದೆ. ಅದರಾಚೆಗೆ ಬೇಕಿದ್ದರೆ ಫೋನ್ ನೋಂದಾಯಿಸಿ ತೆರಿಗೆ ಕಟ್ಟಬೇಕು.

ಸ್ಥಳೀಯ ಸಿಮ್‌ಗೆ ಬಂಪರ್ ಸಿಗುವುದು ಯುರೋಪಿನ ಒಕ್ಕೂಟದಲ್ಲಿ (ಇಯು). 2017ರ ಜೂನ್ 15ರಿಂದ ಅಲ್ಲಿ ಒಂದು ದೇಶದ ಸಿಮ್ ಅನ್ನು ಇನ್ನೊಂದು ಸದಸ್ಯ ದೇಶದಲ್ಲಿ ಹೆಚ್ಚುವರಿ ದುಡ್ಡಿಲ್ಲದೆ ಬಳಸಬಹುದು. ನಾರ್ವೆ, ಐಸ್‌ಲೆಂಡ್, ಲಿಕ್ಟೆನ್‌ಸ್ಟೈನ್ ಕೂಡ ಈ ವ್ಯವಸ್ಥೆಯಲ್ಲಿವೆ. ಡೇಟಾಕ್ಕೆ ನ್ಯಾಯಬಳಕೆಯ ಮಿತಿ ಇರಬಹುದು, ಪ್ಯಾಕಿನ ವಿವರದಲ್ಲಿ ‘ಇಯು ರೋಮಿಂಗ್ ಇಷ್ಟು ಜಿಬಿ’ ಎಂದು ಬರೆದಿರುತ್ತದೆ. ಸ್ವಿಟ್ಜರ್‌ಲೆಂಡ್ ಈ ನಿಯಮದ ಹೊರಗೆ. ಒಕ್ಕೂಟ ಬಿಟ್ಟ ಮೇಲೆ ಬ್ರಿಟನ್ ಕೂಡ ಹೊರಗೆ, ಅಲ್ಲಿಗೆ ಕೊಡುವುದು ಬಿಡುವುದು ಕಂಪನಿಯ ಇಷ್ಟ. ಇದರಲ್ಲೊಂದು ತಮಾಷೆಯಿದೆ. ಜರ್ಮನಿಯ ಸಿಮ್ ಹಿಡಿದು ಇಟಲಿಯಲ್ಲಿ ನಿಂತು ಇಟಲಿಯ ಹೋಟೆಲಿಗೆ ಕರೆ ಮಾಡಿದರೆ ಅದು ರೋಮಿಂಗ್, ಜರ್ಮನಿಯ ದರವೇ. ಅದೇ ಸಿಮ್‌ನಿಂದ ಹಿಂದಿನ ದಿನ ಜರ್ಮನಿಯಲ್ಲಿದ್ದಾಗ ಅದೇ ಹೋಟೆಲಿಗೆ ಮಾಡಿದರೆ ಅಂತರರಾಷ್ಟ್ರೀಯ ಕರೆ, ದರ ಬೇರೆ! ಗಡಿ ದಾಟಿದ ಮೇಲೆ ಮಾಡುವುದೇ ಲಾಭ.

ಗಡಿ ಊರುಗಳಲ್ಲಿ ಫೋನ್ ಪಕ್ಕದ ದೇಶದ ಟವರ್ ಹಿಡಿಯುವುದು ಮಾಮೂಲು. ಸ್ವಿಟ್ಜರ್‌ಲೆಂಡ್‌ನ ಜಿನೀವಾ, ಬಾಸೆಲ್ ಕಡೆ ಫ್ರಾನ್ಸಿಗೆ ಕಾಲಿಡದೆಯೇ ಫ್ರೆಂಚ್ ನೆಟ್‌ವರ್ಕ್ ಬರಬಹುದು, ಫ್ರಾನ್ಸ್ ಕಡೆ ನಿಂತಾಗ ಸ್ವಿಸ್ ನೆಟ್‌ವರ್ಕೂ ಬರಬಹುದು. ಇಯು ಸಿಮ್ ಇದ್ದವರಿಗೆ ಎರಡನೆಯದೇ ಜೇಬಿಗೆ ಅಪಾಯ. ಅಂಥ ಕಡೆ ನೆಟ್‌ವರ್ಕ್ ಆಯ್ಕೆಯನ್ನು ಆಟೊಮ್ಯಾಟಿಕ್‌ನಿಂದ ಮ್ಯಾನ್ಯುಯಲ್‌ಗೆ ಬದಲಿಸಿ, ಬೇಕಾದ ದೇಶದ ಕಂಪನಿಯನ್ನೇ ಆರಿಸುತ್ತೇನೆ. ಹಡಗು ಇನ್ನೂ ಕೆಟ್ಟದು. ತೀರ ಬಿಟ್ಟ ಮೇಲೆ ದೊಡ್ಡ ಹಡಗುಗಳಲ್ಲಿ ಉಪಗ್ರಹದ ಮೂಲಕ ನಡೆಯುವ ನೆಟ್‌ವರ್ಕ್ ಫೋನಿಗೆ ತಾನಾಗಿ ಸಿಗುತ್ತದೆ. ಇದಕ್ಕೆ ಯುರೋಪಿನ ಅಗ್ಗದ ರೋಮಿಂಗ್ ನಿಯಮ ಅನ್ವಯಿಸುವುದಿಲ್ಲ. ಫೆರ್ರಿ ಹೊರಟ ಕೂಡಲೇ ಏರೋಪ್ಲೇನ್ ಮೋಡ್.

ಇ-ಸಿಮ್‌ನ ಡೇಟಾ ಯಾವ ದಾರಿಯಲ್ಲಿ ಹೋಗುತ್ತದೆ ಎಂಬುದೂ ಮುಖ್ಯ. ರೋಮಿಂಗ್ ಡೇಟಾ ಸಾಮಾನ್ಯವಾಗಿ ಸಿಮ್ ಕೊಟ್ಟ ಕಂಪನಿಯ ದೇಶಕ್ಕೆ ಹೋಗಿ ಅಲ್ಲಿಂದ ಇಂಟರ್ನೆಟ್ ಸೇರುತ್ತದೆ. ಚೀನಾದಲ್ಲಿ ಇದು ವರ. ಅಲ್ಲಿನ ಸಿಮ್‌ನಲ್ಲಿ ಗೂಗಲ್, ವಾಟ್ಸಾಪ್ ತೆರೆಯುವುದಿಲ್ಲ, ಹೊರಗಿನ ಸಿಮ್‌ನ ರೋಮಿಂಗ್‌ನಲ್ಲಿ ಸಾಮಾನ್ಯವಾಗಿ ತೆರೆಯುತ್ತವೆ. ಆದರೆ ಬ್ಯಾಂಕ್ ಆ್ಯಪ್‌ಗೆ ನಾವು ಎಲ್ಲೋ ಮೂರನೇ ದೇಶದಲ್ಲಿದ್ದಂತೆ ಕಂಡು ಅದು ಅನುಮಾನ ಪಡುವುದುಂಟು. ಆಗ ಹೋಟೆಲಿನ ವೈ-ಫೈಗೆ ಬದಲಾದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಡೇಟಾ ಉಳಿಸಲು ನಾನು ಮಾಡುವುದು ಹೆಚ್ಚೇನಿಲ್ಲ. ವಾಟ್ಸಾಪ್ ಆಟೊ ಡೌನ್‌ಲೋಡ್ ಬಂದ್, ಫೋಟೋ ಬ್ಯಾಕಪ್ ವೈ-ಫೈನಲ್ಲಿ ಮಾತ್ರ, ಲೋ ಡೇಟಾ ಮೋಡ್ ಆನ್. ನಗರದ ನಕ್ಷೆ ಮೊದಲೇ ಇಳಿಸಿಕೊಂಡಿರುತ್ತೇನೆ. ಜಿಪಿಎಸ್‌ಗೆ ಇಂಟರ್ನೆಟ್ ಬೇಕಿಲ್ಲ, ಇಳಿಸಿದ ನಕ್ಷೆಯ ಮೇಲೆ ನೀಲಿ ಚುಕ್ಕೆ ಸರಿಯಾಗಿಯೇ ಓಡಾಡುತ್ತದೆ. ಹೀಗೆ ಮಾಡಿದರೆ ಚಿಕ್ಕ ಪ್ಯಾಕೇ ಸಾಕಾಗುತ್ತದೆ. ಮೊದಲೇ ದೊಡ್ಡದು ಕೊಳ್ಳುವ ಬದಲು ಬೇಕಾದಾಗ ಟಾಪ್‌ಅಪ್ ಮಾಡುವುದು ನನ್ನ ರೂಢಿ.

ಸ್ಥಳೀಯ ಲ್ಯಾಂಡ್‌ಲೈನ್‌ಗೆ ಕರೆ ಮಾಡಬೇಕಾದಾಗ ಮೊದಲು ಸ್ಕೈಪ್ ಇತ್ತು. 2025ರ ಮೇ ತಿಂಗಳಲ್ಲಿ ಅದು ಮುಚ್ಚಿತು. ಈಗ ಇಂಟರ್ನೆಟ್ ಮೂಲಕ ಸಾಮಾನ್ಯ ಫೋನ್‌ಗಳಿಗೆ ಕರೆ ಮಾಡುವ ಬೇರೆ ಆ್ಯಪ್‌ನಲ್ಲಿ ಸ್ವಲ್ಪ ದುಡ್ಡು ಹಾಕಿಟ್ಟಿರುತ್ತೇನೆ. ದುಬೈ, ಅಬುಧಾಬಿಯಂಥ ಕಡೆ ಸ್ಥಳೀಯ ನೆಟ್‌ವರ್ಕ್‌ನಲ್ಲಿ ವಾಟ್ಸಾಪ್ ಸಂದೇಶ ಹೋಗುತ್ತದೆ, ಕರೆ ಹೋಗುವುದಿಲ್ಲ. ಅಲ್ಲಿಗೆ ಹೋಗುವ ಮುಂಚೆ ಮನೆಯವರಿಗೆ ತಿಳಿಸಿಬಿಡಿ, ವಾಯ್ಸ್ ಮೆಸೇಜ್‌ನಲ್ಲೇ ಮಾತು ಎಂದು.