ಗುಡ್ಡದ ಮನೆಗೆ ತಗ್ಗಿನ ತಂತಿ

ಹ್ಯಾಮ್ ರೇಡಿಯೊ, ಅಂದರೆ ಲೈಸೆನ್ಸ್ ಪಡೆದು ಹವ್ಯಾಸಕ್ಕೆ ನಡೆಸುವ ರೇಡಿಯೊ ಮಾತುಕತೆ, ಶುರು ಮಾಡಬೇಕು ಅಂತ ಬರುವವರು ಮೊದಲು ಕೇಳುವುದು ಯಾವ ಸೆಟ್ ತಗೊಳ್ಳಲಿ ಅಂತ. ಸೆಟ್ ಆಮೇಲೆ ನೋಡೋಣ, ಆಂಟೆನಾ ತಂತಿ ಎಲ್ಲಿ ಕಟ್ತೀರಿ ಹೇಳಿ ಅನ್ನುತ್ತೇನೆ ನಾನು. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಈ ಮಾತು ಇನ್ನೂ ಮುಖ್ಯ. ಆಂಟೆನಾ ಸರಿ ಇದ್ದರೆ ಏಳು ವ್ಯಾಟಿನ ಸಣ್ಣ ಸೆಟ್ಟಿನಿಂದ ಕೊಡಗಿನಲ್ಲಿ ಕೂತು ಬೆಂಗಳೂರಿನವರ ಜೊತೆ ಮಾತಾಡಬಹುದು. ನಾನು ದಿನಾ ಮಾಡುತ್ತಿರುವುದು ಅದನ್ನೇ.

ನಮ್ಮ ಮನೆ ಮಾದಾಪುರದ ಕಡೆ, ತೋಟದ ಇಳಿಜಾರಿನಲ್ಲಿ. ಮೂರು ದಿಕ್ಕಿಗೂ ಗುಡ್ಡ. ಇಂಥ ಜಾಗದಲ್ಲಿ ಕೈಯಲ್ಲಿ ಹಿಡಿಯುವ ಹ್ಯಾಂಡ್‌ಹೆಲ್ಡ್ ಸೆಟ್ಟಿನಿಂದ ದೂರ ಹೋಗಲು ಆಗುವುದಿಲ್ಲ. ಅದು ಕೆಲಸ ಮಾಡುವುದು 144ರಿಂದ 146 ಮೆಗಾಹರ್ಟ್ಸ್‌ನಲ್ಲಿ. ಆ ಅಲೆಗಳು ನೇರ ಹೋಗುತ್ತವೆ, ಗುಡ್ಡ ಅಡ್ಡ ಬಂದರೆ ಅಲ್ಲಿಗೇ ಮುಗಿಯಿತು. ಮಡಿಕೇರಿಯಲ್ಲಿ ರಾಜಾಸೀಟಿನ ಹತ್ತಿರ ನಿಂತರೆ ಬೇರೆ ಮಾತು. ಹೊಳೆ ಪಕ್ಕದ ಮನೆಯಲ್ಲಿ ಕೂತವರಿಗೆ ಬೇಕಾಗಿರುವುದು ಗುಡ್ಡದ ಮೇಲಿಂದ ಹಾಯುವ ದಾರಿ.

ಆ ದಾರಿ 7 ಮೆಗಾಹರ್ಟ್ಸ್‌ನಲ್ಲಿದೆ. ಹ್ಯಾಮ್‌ಗಳು ಅಲೆಯ ಉದ್ದ ಸುಮಾರು 40 ಮೀಟರ್ ಇರುವುದರಿಂದ 40 ಮೀಟರ್ ಬ್ಯಾಂಡ್ ಅನ್ನುವುದು ಇದಕ್ಕೇ. ನಮ್ಮ ದೇಶದಲ್ಲಿ 7.000ರಿಂದ 7.200ರ ತನಕ ನಮಗೆ ಬಿಟ್ಟಿದ್ದಾರೆ. ಈ ಬ್ಯಾಂಡಿನ ತಂತಿಯನ್ನು ನೆಲದಿಂದ ಐದರಿಂದ ಹತ್ತು ಮೀಟರ್ ಎತ್ತರದಲ್ಲಿ ಕಟ್ಟಿದರೆ ಶಕ್ತಿಯ ಬಹುಪಾಲು ಹೆಚ್ಚುಕಡಿಮೆ ನೇರ ಮೇಲಕ್ಕೆ ಹೋಗುತ್ತದೆ. ಮೇಲೆ ವಾತಾವರಣದಲ್ಲಿ ವಿದ್ಯುತ್ ಕಣಗಳ ಪದರ, ಅಯಾನುಗೋಳ, ಇದೆಯಲ್ಲ, ಅದು ವಾಪಸ್ ಕೆಳಗೆ ಕಳಿಸುತ್ತದೆ. ಹಾಗೆ ಬಂದ ಸಿಗ್ನಲ್ ಸುತ್ತ ಮುನ್ನೂರು ನಾನೂರು ಕಿಲೋಮೀಟರ್ ತನಕ ಮಳೆ ಬಿದ್ದಂತೆ ಎಲ್ಲ ಕಡೆ ಬೀಳುತ್ತದೆ. ನಡುವೆ ಪುಷ್ಪಗಿರಿ ಇರಲಿ, ತಡಿಯಂಡಮೋಳ್ ಇರಲಿ, ಲೆಕ್ಕಕ್ಕೆ ಬರುವುದಿಲ್ಲ. ಮೈಸೂರು, ಮಂಗಳೂರು, ಬೆಂಗಳೂರು, ಕಣ್ಣೂರು ಎಲ್ಲ ಆ ಸುತ್ತಿನೊಳಗೆ.

ಪುಸ್ತಕಗಳಲ್ಲಿ ಇದೇ ತಂತಿಯನ್ನು 20 ಮೀಟರ್ ಎತ್ತರಕ್ಕೆ ಏರಿಸಿ ಅಂತ ಬರೆದಿರುತ್ತದೆ. ಅದು ದೂರದ ದೇಶ ಹಿಡಿಯುವವರಿಗೆ. ಟವರ್ ಹಾಕಿಸಲು ದುಡ್ಡಿಲ್ಲ ಅಂತ ಕೈಕಟ್ಟಿ ಕೂರಬೇಡಿ. ನಮ್ಮ ಕೆಲಸಕ್ಕೆ ಟವರೇ ಬೇಡ. ತಗ್ಗಿನ ತಂತಿ ಬಡವರ ಹೊಂದಾಣಿಕೆ ಅಂತ ಎಷ್ಟೋ ಜನ ತಿಳಿದಿದ್ದಾರೆ. ಗುಡ್ಡದ ನಡುವೆ ಇರುವವರಿಗೆ ಸರಿಯಾದ ಆಂಟೆನಾನೇ ಅದು.

ನಾನು ಇದಕ್ಕೆ ಇಳಿದದ್ದು 2018ರ ಆಗಸ್ಟ್ ಆದ ಮೇಲೆ. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ, ಈ ಹೆಸರುಗಳನ್ನು ಕೊಡಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗುಡ್ಡ ಕುಸಿದು ರಸ್ತೆ ಹೋಯಿತು, ಕರೆಂಟ್ ಹೋಯಿತು, ಫೋನ್ ಹೋಯಿತು. ಪಕ್ಕದ ಊರಿನಲ್ಲಿ ಯಾರು ಇದ್ದಾರೆ, ಯಾರು ಇಲ್ಲ ಅನ್ನುವುದೂ ತಿಳಿಯದ ಸ್ಥಿತಿ. ಮೊಬೈಲ್ ಟವರನ್ನು ನಂಬದೆ ಮಾತು ದಾಟಿಸುವ ಒಂದು ವ್ಯವಸ್ಥೆ ಮನೆಯಲ್ಲಿ ಇರಲೇಬೇಕು ಅಂತ ಆಗ ಅನಿಸಿತು. ಈಗಲೂ ಅನಿಸುತ್ತದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಲೈಸೆನ್ಸಿನ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆಯ ಪರೀಕ್ಷೆ ಬರೆಯಬೇಕು. 12 ವರ್ಷ ತುಂಬಿದವರು ಯಾರು ಬೇಕಾದರೂ ಬರೆಯಬಹುದು. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ (ಚುಕ್ಕಿ-ಗೆರೆಯ ಸಂಕೇತ) ಬೇಡ, ಜನರಲ್ ದರ್ಜೆಗೆ ಬೇಕು. ರಿಸ್ಟ್ರಿಕ್ಟೆಡ್‌ನವರ ಕರೆಸಂಕೇತ, ಅಂದರೆ ರೇಡಿಯೊದಲ್ಲಿ ಹೇಳಿಕೊಳ್ಳುವ ಗುರುತು, ವಿಯು3 ಅಂತ ಶುರುವಾಗುತ್ತದೆ, ಜನರಲ್‌ನವರದು ವಿಯು2 ಅಂತ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ತರಬೇತಿ ಕೊಡುತ್ತದೆ. ಲೈಸೆನ್ಸ್ ಕೈಗೆ ಬರುವ ಮೊದಲು ಮೈಕಿನ ಬಟನ್ ಒತ್ತಬಾರದು. ಅದರಲ್ಲಿ ರಾಜಿ ಇಲ್ಲ.

ಈಗ ತಂತಿಗೆ ಬರೋಣ. ನಾನು ಮಾಡಿದ್ದು ಡೈಪೋಲ್. ಎರಡು ತೋಳು, ನಡುವೆ ಸೆಟ್ಟಿಗೆ ಹೋಗುವ ಕೇಬಲ್, ಅಷ್ಟೇ. ಒಟ್ಟು ಉದ್ದ ಎಷ್ಟು ಅಂದರೆ 142.6ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದಷ್ಟು ಮೀಟರ್. 7.1ಕ್ಕೆ ಸುಮಾರು 20.1 ಮೀಟರ್ ಬರುತ್ತದೆ. ತಂತಿಗೆ ಅಂಗಡಿಯಲ್ಲಿ ಸಿಗುವ ಮನೆ ವೈರಿಂಗಿನ ತಾಮ್ರದ ವೈರೇ ಸಾಕು, ಒಂದು ಅಥವಾ ಒಂದೂವರೆ ಸ್ಕ್ವೇರ್ ಎಂಎಂದು. ಮೇಲಿನ ಪಿವಿಸಿ ತೆಗೆಯಬೇಕಾಗಿಲ್ಲ. ಆದರೆ ಆ ಪಿವಿಸಿಯಿಂದಾಗಿ ಕೊನೆಗೆ ಬೇಕಾಗುವ ಉದ್ದ ಲೆಕ್ಕಕ್ಕಿಂತ ಸ್ವಲ್ಪ ಕಡಿಮೆ ಆಗುತ್ತದೆ. ಹಾಗಂತ ಮೊದಲೇ ಗಿಡ್ಡ ಕತ್ತರಿಸಬೇಡಿ, ಉದ್ದವೇ ಇರಲಿ. ಅಳೆಯಲು ಕಾಫಿ ಕಣಕ್ಕಿಂತ ಒಳ್ಳೆಯ ಜಾಗ ಇಲ್ಲ. ಸಿಮೆಂಟಿನ ಮೇಲೆ ನೇರ ಎಳೆದು, ಒಂದೊಂದು ತೋಳು 10.2 ಮೀಟರ್ ಬರುವಂತೆ ಕತ್ತರಿಸಿದೆ.

ಕೇಬಲಿಗೆ ಆರ್‌ಜಿ-58 ಹಾಕಿದೆ, 50 ಓಮ್‌ನ ಕೋಆಕ್ಸಿಯಲ್ ಕೇಬಲ್ ಅದು, ಒಳಗೊಂದು ತಂತಿ, ಅದರ ಸುತ್ತ ಹೆಣೆದ ತಂತಿ. 7 ಮೆಗಾಹರ್ಟ್ಸ್‌ನಲ್ಲಿ 25 ಮೀಟರ್ ಕೇಬಲ್ ಐದರಲ್ಲಿ ಒಂದು ಪಾಲು ಶಕ್ತಿ ತಿನ್ನುತ್ತದೆ, ಪರವಾಗಿಲ್ಲ. ಡಿಶ್‌ನವರ ಹತ್ತಿರ ಸಿಗುವ ಆರ್‌ಜಿ-6 ಇನ್ನೂ ಅಗ್ಗ. ಅದು 75 ಓಮ್‌ನದ್ದು, ಆದರೂ ಡೈಪೋಲಿಗೆ ನಡೆಯುತ್ತದೆ. ತೊಂದರೆ ಇರುವುದು ಜೋಡಿಸುವುದರಲ್ಲಿ. ಅದರ ಹೊರಗಿನ ಹೆಣೆದ ತಂತಿ ಸಾಮಾನ್ಯವಾಗಿ ಅಲ್ಯೂಮಿನಿಯಂನದ್ದು, ಬೆಸುಗೆ ಹಿಡಿಯುವುದಿಲ್ಲ. ಒತ್ತಿ ಕೂರಿಸುವ ಕನೆಕ್ಟರೇ ಬೇಕು. ನಮ್ಮ ಮಳೆಯಲ್ಲಿ ಬೆಸುಗೆ ಇಲ್ಲದ ಜೋಡಣೆಯನ್ನು ನಾನು ನಂಬುವುದಿಲ್ಲ.

ತಂತಿಯ ನಡುವಿನ ಜೋಡಣೆಗೆ ಒಂದು ಪಿವಿಸಿ ಪೈಪಿನ ತುಂಡು ಸಾಕು. ಅದರ ಕೆಳಗೇ ಕೇಬಲನ್ನು ಸುಮಾರು ನಾಲ್ಕೂವರೆ ಮೀಟರಿನಷ್ಟು, ಅರ್ಧ ಅಡಿ ಅಗಲಕ್ಕೆ ಸುರುಳಿ ಸುತ್ತಿ ಕಟ್ಟಬೇಕು. ಕೇಬಲಿನ ಹೊರಮೈ ಮೇಲೆ ಕರೆಂಟ್ ಹರಿದು ಮನೆಯೊಳಗೆ ಬರುವುದನ್ನು ಆ ಸುರುಳಿ ತಡೆಯುತ್ತದೆ. ಅದೇ ಕೆಲಸ ಮಾಡುವ ಅಂಗಡಿಯ ಬಾಲನ್ ಕೊಳ್ಳುವ ಖರ್ಚು ಉಳಿಯಿತು.

ನಾನು ಸಿಲ್ವರ್ ಓಕ್ ಮರಕ್ಕೆ ಕಟ್ಟೋಣ ಅಂದುಕೊಂಡಿದ್ದೆ. ನೇರ ಇದೆ, ಎತ್ತರ ಇದೆ, ತೋಟದ ತುಂಬ ಇದೆ. ಮರ ಕಪಾತಿಗೆ, ಅಂದರೆ ಕೊಂಬೆ ಸವರಲು, ಬರುವ ಹುಡುಗ ನೋಡಿದವನೇ ಬೇಡ ಅಂದ.

“ಅಣ್ಣ, ಸಿಲ್ವರ್ ಕೊಂಬೆ ನಂಬಬೇಡಿ. ಗಾಳಿಗೆ ಲಟಕ್ ಅಂತ ಮುರಿಯುತ್ತೆ. ಆ ಹಲಸಿಗೆ ಹಾಕೋಣ.”

“ಎಂಟು ಮೀಟರ್ ಎತ್ತರ ಸಿಗುತ್ತಾ?”

“ಸಿಗುತ್ತೆ. ಆದ್ರೆ ಹಗ್ಗ ತೊಗಟೆಗೆ ಉಜ್ಜಬಾರದು. ಒಂದು ರಾಟೆ ಕೊಡಿ.”

ಅವನು ಹೇಳಿದಂತೆ ಹಲಸಿನ ಗಟ್ಟಿ ಕವಲಿಗೆ ಸಣ್ಣ ರಾಟೆ ಕಟ್ಟಿ, ಹಗ್ಗದಲ್ಲಿ ತಂತಿಯ ನಡುಭಾಗವನ್ನು ಮೇಲಕ್ಕೆ ಎಳೆದೆವು. ಎರಡು ತೋಳುಗಳನ್ನು ಎರಡೂ ಕಡೆಗೆ ಇಳಿಜಾರಾಗಿ ಇಳಿಸಿದೆವು, ತಲೆಕೆಳಗಾದ ವಿ ಅಕ್ಷರದ ಹಾಗೆ. ತುದಿಗಳು ನೆಲದಿಂದ ಮೂರು ಮೀಟರ್ ಮೇಲೆ ಇವೆ. ಮಾತಾಡುವಾಗ ತಂತಿಯ ತುದಿಯಲ್ಲಿ ವೋಲ್ಟೇಜ್ ಜಾಸ್ತಿ ಇರುತ್ತದೆ, ಕೈಗೆ ಸಿಕ್ಕಿದರೆ ಸುಡುತ್ತದೆ. ತೋಟದಲ್ಲಿ ಜನ ಓಡಾಡುತ್ತಾರೆ, ಎತ್ತರ ಬಿಡಬೇಡಿ. ತುದಿಯ ಹಗ್ಗವನ್ನು ಮರಕ್ಕೆ ಬಿಗಿದು ಕಟ್ಟಿಲ್ಲ. ಇನ್ನೊಂದು ರಾಟೆ ಮೇಲಿಂದ ಇಳಿಸಿ, ಮರಳು ತುಂಬಿದ ಎರಡು ಲೀಟರಿನ ಬಾಟ್ಲಿ ನೇತುಹಾಕಿದ್ದೇನೆ. ಜುಲೈ ಗಾಳಿಗೆ ಮರ ತೂಗಿದಾಗ ಬಾಟ್ಲಿ ಮೇಲೆ ಕೆಳಗೆ ಹೋಗುತ್ತದೆ, ತಂತಿ ಹರಿಯುವುದಿಲ್ಲ.

ಒಂದು ಮಾತು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ಕರೆಂಟ್ ಲೈನಿನ ಹತ್ತಿರ ತಂತಿ ಎಸೆಯಬೇಡಿ, ಅದರ ಮೇಲಿಂದಲೂ ಬೇಡ, ಕೆಳಗಿಂದಲೂ ಬೇಡ. ಕಾಳುಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿ ಲೈನಿಗೆ ತಗುಲಿ ಪ್ರಾಣ ಹೋದ ಸುದ್ದಿಯನ್ನು ನಮ್ಮ ಜಿಲ್ಲೆಯಲ್ಲಿ ಮತ್ತೆ ಮತ್ತೆ ಕೇಳಿದ್ದೇವೆ. ಆಂಟೆನಾ ಕಟ್ಟಲೂ ಅದೇ ಏಣಿ ತಾನೇ ತರುವುದು. ತಂತಿ ಹರಿದು ಬಿದ್ದರೂ, ಏಣಿ ಜಾರಿದರೂ ಲೈನಿಗೆ ತಾಗದಷ್ಟು ದೂರ ಇರಬೇಕು. ಅಂಥ ಜಾಗ ಇಲ್ಲ ಅಂದರೆ ಆ ಕಡೆ ಕಟ್ಟಲೇಬೇಡಿ.

ಉದ್ದ ಹೊಂದಿಸಲು ನ್ಯಾನೊವಿಎನ್ಎ ಅನ್ನುವ ಅಂಗೈ ಅಗಲದ ಉಪಕರಣ ಬಳಸಿದೆ, ತಂತಿ ಎಷ್ಟು ಮೆಗಾಹರ್ಟ್ಸ್‌ಗೆ ಹೊಂದುತ್ತದೆ ಅಂತ ಅದು ತೋರಿಸುತ್ತದೆ. ಹಳೆಯ ಆಂಟೆನಾ ಅನಲೈಸರ್‌ಗಳ ಬೆಲೆಯ ಮುಂದೆ ಇದು ಏನೂ ಅಲ್ಲ. ನಾಲ್ಕೈದು ಜನ ಸೇರಿ ಒಂದು ತಗೊಂಡರೂ ಸಾಕು. ಮೊದಲ ಸಲ ನೋಡಿದಾಗ ನನ್ನ ತಂತಿ 6.85ರಲ್ಲಿ ಹೊಂದುತ್ತಿತ್ತು. ಅಂದರೆ ಉದ್ದ ಜಾಸ್ತಿ. ಲೆಕ್ಕ ಸುಲಭ: ಎರಡೂ ತೋಳು ಸೇರಿ 20.4 ಮೀಟರ್, ಅದನ್ನು 6.85ರಿಂದ ಗುಣಿಸಿ 7.1ರಿಂದ ಭಾಗಿಸಿದರೆ 19.68. ಒಂದೊಂದು ತೋಳಿನಲ್ಲಿ 36 ಸೆಂಟಿಮೀಟರ್ ಕಡಿಮೆ ಮಾಡಬೇಕು. ಕತ್ತರಿಸುವ ಬದಲು ತುದಿಯನ್ನು ಹಿಂದಕ್ಕೆ ಮಡಚಿ ತಂತಿಗೇ ಬಿಗಿಯಾಗಿ ಸುತ್ತಿದೆ, ಬೇಕಾದರೆ ಮತ್ತೆ ಬಿಚ್ಚಬಹುದು. ಮಳೆಯಲ್ಲಿ ತಂತಿ ನೆನೆದಾಗ ಇದು ಸ್ವಲ್ಪ ಕೆಳಕ್ಕೆ ಜಾರುತ್ತದೆ. ಗಾಬರಿ ಬೇಡ, ಬ್ಯಾಂಡಿನೊಳಗೇ ಇರುತ್ತದೆ.

ಇಲ್ಲಿಯ ತನಕ ನನಗೆ ಆದ ಖರ್ಚು, ಅಳೆಯುವ ಉಪಕರಣ ಬಿಟ್ಟರೆ, ಸುಮಾರು ಎರಡು ಸಾವಿರ ರೂಪಾಯಿ.

ಸೆಟ್ಟಿಗೆ ನಾನು ಆರಿಸಿದ್ದು ಬಿಟೆಕ್ಸ್40. ಹೈದರಾಬಾದಿನ ಅಶ್ಹರ್ ಫರ್ಹಾನ್ ರೂಪಿಸಿದ್ದು, 40 ಮೀಟರ್ ಬ್ಯಾಂಡಿನಲ್ಲಿ ಸುಮಾರು ಏಳು ವ್ಯಾಟ್ ಕೊಡುತ್ತದೆ. ಅವರ ಮೊದಲ ವಿನ್ಯಾಸದಲ್ಲಿ ಕಾಯಿಲ್ ಸುತ್ತಲು ನಲ್ಲಿಯ ವಾಷರ್ ಬಳಸಿದ್ದರು. ಬೇಕಾದ ಬಿಡಿಭಾಗ ನಮ್ಮೂರಿನ ಅಂಗಡಿಯಲ್ಲೇ ಸಿಗಬೇಕು ಅನ್ನುವ ಆ ಯೋಚನೆ ನನಗೆ ಬಹಳ ಇಷ್ಟ. ಸರ್ಕ್ಯೂಟನ್ನು ಎಲ್ಲರಿಗೂ ತೆರೆದಿಟ್ಟಿದ್ದಾರೆ, ಕೆಟ್ಟರೆ ನಾವೇ ಬಿಚ್ಚಿ ನೋಡಬಹುದು. ಅದರ ನಂತರ ಬಂದ ಮೈಕ್ರೊಬಿಟೆಕ್ಸ್‌ನಲ್ಲಿ 80ರಿಂದ 10 ಮೀಟರ್ ತನಕದ ಬ್ಯಾಂಡುಗಳಿವೆ. ಹಳೆಯ ನೂರು ವ್ಯಾಟಿನ ಸೆಟ್ಟು ಸೆಕೆಂಡ್ ಹ್ಯಾಂಡ್ ಸಿಕ್ಕಿದರೆ ಅದೂ ಒಳ್ಳೆಯದೇ. ಆದರೆ ಅದಕ್ಕೆ ಮಾತಾಡುವಾಗ 20 ಆಂಪಿಯರ್ ಬೇಕು. ವಾರಗಟ್ಟಲೆ ಕರೆಂಟ್ ಇಲ್ಲದ ಊರಿನಲ್ಲಿ ಇದನ್ನು ಯೋಚಿಸಲೇಬೇಕು. ನನ್ನ ಸೆಟ್ಟು ಮಾತಾಡುವಾಗಲೂ ಒಂದೆರಡು ಆಂಪಿಯರಿನಲ್ಲಿ ಮುಗಿಸುತ್ತದೆ. ಯುಪಿಎಸ್‌ನ ಸಣ್ಣ 12 ವೋಲ್ಟ್ ಬ್ಯಾಟರಿ, ಮೇಲೆ ಒಂದು ಸೋಲಾರ್ ಪ್ಯಾನೆಲ್. ಮನೆ ಕರೆಂಟಿನ ಹಂಗಿಲ್ಲ.

ಎಲ್ಲ ಜೋಡಿಸಿ ಆನ್ ಮಾಡಿದಾಗ ಕೇಳಿದ್ದು ಟಕ್, ಟಕ್, ಟಕ್. ಸೆಕೆಂಡಿಗೆ ಒಂದರಂತೆ, ಬಿಡುವೇ ಇಲ್ಲ. ದೂರದ ಧ್ವನಿಗಳೆಲ್ಲ ಅದರಡಿ ಮುಚ್ಚಿಹೋಗುತ್ತಿದ್ದವು. ಮೊದಲು ಮನೆಯ ಮೇನ್ ಸ್ವಿಚ್ಚನ್ನೂ ಇನ್ವರ್ಟರನ್ನೂ ಆಫ್ ಮಾಡಿ ನೋಡಿದೆ. ಎಲ್ಇಡಿ ಬಲ್ಬು, ಇನ್ವರ್ಟರ್, ಚಾರ್ಜರುಗಳ ಕರ್ಕಶ ನಿಂತಿತು, ಟಕ್ ಟಕ್ ನಿಲ್ಲಲಿಲ್ಲ. ಆ ತಾಳ ಕೇಳಿದ ಮೇಲೆ ಅನುಮಾನ ಹೋಗಿದ್ದು ಆನೆಗೆ ಅಂತ ಹಾಕಿಸಿದ ಸೋಲಾರ್ ಬೇಲಿಯ ಕಡೆಗೆ. ಬೇಲಿಯ ಯಂತ್ರ ತಂತಿಗೆ ಸೆಕೆಂಡಿಗೊಂದು ಹೊಡೆತ ಕೊಡುತ್ತದಲ್ಲ. ಬೇಲಿ ಚೆನ್ನಾಗಿದ್ದರೆ ಅದು ಅಷ್ಟಾಗಿ ಕೇಳಿಸುವುದಿಲ್ಲ. ಎಲ್ಲಾದರೂ ಕಿಡಿ ಹಾರುತ್ತಿದ್ದರೆ ಮಾತ್ರ ರೇಡಿಯೊ ತುಂಬ ಅದೇ ಸದ್ದು.

ಹಳೆಯ ಟ್ರಾನ್ಸಿಸ್ಟರನ್ನು ಮೀಡಿಯಂ ವೇವ್‌ನಲ್ಲಿ, ಯಾವ ಸ್ಟೇಷನ್ನೂ ಇಲ್ಲದ ಕಡೆ ಇಟ್ಟು ಬೇಲಿ ಉದ್ದಕ್ಕೂ ನಡೆದೆ. ಕೆಲವು ಕಡೆ ಸದ್ದು ಏರುತ್ತಿತ್ತು. ಒಂದು ಕಡೆ ಲಂಟಾನ ಕೊಂಬೆ ತಂತಿಗೆ ತಾಗಿತ್ತು. ಇನ್ನೊಂದು ಕಡೆ ಕಂಬದ ಇನ್ಸುಲೇಟರ್ ಸೀಳಿತ್ತು, ಆ ಸೀಳಿನಲ್ಲಿ ಕಪ್ಪು ಗೆರೆ ಮೂಡಿತ್ತು. ಸಂಜೆ ಕತ್ತಲಾದ ಮೇಲೆ ಹೋಗಿ ನೋಡಿದರೆ ಅದೇ ಗೆರೆಯ ಮೇಲೆ ನೀಲಿ ಕಿಡಿ ಕಾಣುತ್ತಿತ್ತು. ಬೇಲಿ ಆಫ್ ಮಾಡಿ ಇನ್ಸುಲೇಟರ್ ಬದಲಿಸಿದೆ, ಗಿಡ ಸವರಿದೆ. ಟಕ್ ಟಕ್ ಹಿಂದೆ ಸರಿದು ಬ್ಯಾಂಡ್ ತೆರೆಯಿತು. ಬೇಲಿಗೂ ಇದು ಒಳ್ಳೆಯದೇ ಆಯಿತು, ಕಿಡಿಯಲ್ಲಿ ಪೋಲಾಗುತ್ತಿದ್ದ ಶಕ್ತಿ ಉಳಿಯಿತು. ತೋಟದ ನಡುವೆ ಇರುವವರಿಗೆ ಒಂದು ದೊಡ್ಡ ಅನುಕೂಲ ಇದೆ. ಪಟ್ಟಣದ ಗದ್ದಲ ಇಲ್ಲದೆ ಬಹಳ ಸಣ್ಣ ಸಿಗ್ನಲ್ ಕೂಡ ಕೇಳುತ್ತದೆ. ಆ ಅನುಕೂಲವನ್ನು ಬೇಲಿಗೆ ಬಿಟ್ಟುಕೊಡಬಾರದು.

ಹತ್ತಿರದವರ ಜೊತೆ ಮಾತಿಗೆ ಬೆಳಗ್ಗೆ ಏಳರ ನಂತರ ಒಳ್ಳೆಯ ಹೊತ್ತು, ಸಂಜೆ ಕತ್ತಲಾಗುವ ತನಕವೂ ನಡೆಯುತ್ತದೆ. ರಾತ್ರಿಯಾದರೆ ಅಯಾನುಗೋಳ ತೆಳುವಾಗಿ, ನೇರ ಮೇಲೆ ಹೋದ 7 ಮೆಗಾಹರ್ಟ್ಸ್ ವಾಪಸ್ ಬರುವುದಿಲ್ಲ. ಆಗ ಮೈಸೂರು ಮಾಯವಾಗಿ ದೂರದ ಊರುಗಳು ಕೇಳುತ್ತವೆ. ತುರ್ತು ಸಂದರ್ಭಕ್ಕೆ ಏಷ್ಯಾ-ಪೆಸಿಫಿಕ್ ಪ್ರದೇಶದ ಹ್ಯಾಮ್‌ಗಳು ಗೊತ್ತು ಮಾಡಿಕೊಂಡಿರುವುದು 7.110. ಅದನ್ನು ಬರೆದು ಸೆಟ್ಟಿನ ಮೇಲೆ ಅಂಟಿಸಿಟ್ಟುಕೊಳ್ಳಿ.

ಎರಡು ಮೀಟರ್ ಬ್ಯಾಂಡನ್ನು, ಅಂದರೆ ಮೊದಲು ಹೇಳಿದ 144ರಿಂದ 146 ಮೆಗಾಹರ್ಟ್ಸನ್ನು, ಪೂರ್ತಿ ಬಿಡಬೇಕಾಗಿಲ್ಲ. ಕೇಬಲ್ ಸಿಕ್ಕಿಸುವ ಒಂದು ಎಸ್ಒ-239 ಸಾಕೆಟ್, ವೆಲ್ಡಿಂಗ್‌ನವರ ಹಿತ್ತಾಳೆ ಕಡ್ಡಿ ಇದ್ದರೆ ಮನೆಯಲ್ಲೇ ಆಂಟೆನಾ ಆಗುತ್ತದೆ. ನಡುವೆ ನೇರ ನಿಲ್ಲುವ ಕಡ್ಡಿ 49 ಸೆಂಟಿಮೀಟರ್, ಸುತ್ತ ಕೆಳಕ್ಕೆ ಬಾಗಿದ ನಾಲ್ಕು ಕಡ್ಡಿ ಅದಕ್ಕಿಂತ ತುಸು ಉದ್ದ. ಇಲ್ಲಿ ಕೇಬಲ್ ಗಿಡ್ಡ ಇರಲಿ. ಈ ಬ್ಯಾಂಡಿನಲ್ಲಿ ಆರ್‌ಜಿ-58 ಇಪ್ಪತ್ತು ಮೀಟರಿಗೆ ಅರ್ಧಕ್ಕಿಂತ ಜಾಸ್ತಿ ಶಕ್ತಿ ತಿಂದುಬಿಡುತ್ತದೆ. ಪಕ್ಕದ ತೋಟದವರ ಹತ್ತಿರವೂ ಲೈಸೆನ್ಸ್ ಇದ್ದರೆ ಕಣಿವೆಯೊಳಗಿನ ಮಾತಿಗೆ ಇದೇ ಸಾಕು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ತಲೆ ಮೇಲೆ ಹಾಯುವಾಗ 145.800ರಲ್ಲಿ ಅದನ್ನೂ ಕೇಳಬಹುದು, ಗುಡ್ಡ ಆಗ ಅಡ್ಡ ಬರುವುದಿಲ್ಲ.

ಇನ್ನು ಮಳೆ, ಸಿಡಿಲು. ಏಪ್ರಿಲ್, ಮೇ ಗುಡುಗು ಮಳೆಯಲ್ಲಿ ನಾನು ಕೇಬಲನ್ನು ಸೆಟ್ಟಿನಿಂದ ಬಿಚ್ಚಿದರೆ ಸಾಲದು ಅಂತ ಕಿಟಕಿಯಿಂದ ಹೊರಗೇ ಹಾಕುತ್ತೇನೆ. ಮೋಡ ಕವಿಯುವ ಮೊದಲೇ ಬಿಚ್ಚಬೇಕು, ಗುಡುಗು ಶುರುವಾದ ಮೇಲೆ ಅದನ್ನು ಮುಟ್ಟಬಾರದು. ರೇಡಿಯೊ ಬಳಸದ ಹೊತ್ತಿನಲ್ಲಿ ಅದು ಬಿಚ್ಚಿಯೇ ಇರುವುದು ಒಳ್ಳೆಯ ಅಭ್ಯಾಸ. ಜೂನ್‌ಗೆ ಮೊದಲು ತಂತಿಯನ್ನು ಒಮ್ಮೆ ಕೆಳಗಿಳಿಸಿ ನಡುವಿನ ಜೋಡಣೆ ನೋಡುತ್ತೇನೆ. ಕೇಬಲಿನ ಬಾಯಿಯಿಂದ ನೀರು ಒಳಗಿಳಿದರೆ ಹೆಣೆದ ತಂತಿ ಕಪ್ಪಾಗುತ್ತದೆ, ಆ ಕೇಬಲ್ ಮತ್ತೆ ಬರುವುದಿಲ್ಲ. ಅದಕ್ಕೇ ಜೋಡಣೆಗೆ ರಬ್ಬರ್ ಟೇಪನ್ನು ಎಳೆದೆಳೆದು ಸುತ್ತಿ, ಮೇಲೆ ಪಿವಿಸಿ ಟೇಪ್ ಹಾಕುತ್ತೇನೆ. ಮನೆಯೊಳಗೆ ಬರುವ ಕಡೆ ಕೇಬಲ್ ಕಿಟಕಿಗಿಂತ ಕೆಳಗೆ ಇಳಿದು ಮತ್ತೆ ಮೇಲೇರಿ ಒಳಗೆ ಬಂದರೆ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ನೈಲಾನ್ ಹಗ್ಗ ಬಿಸಿಲಿಗೆ ಒಣಗಿ ಪುಡಿಯಾಗುತ್ತದೆ, ಉಗುರಿನಿಂದ ಕೆರೆದಾಗ ಎಳೆ ಉದುರಿದರೆ ಬದಲಿಸಿ. ಸೆಟ್ಟನ್ನು ಮಳೆಗಾಲದ ಆ ನಾಲ್ಕು ತಿಂಗಳು ಮುಚ್ಚಳ ಇರುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡುತ್ತೇನೆ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಆದರೂ ದಿನಕ್ಕೊಮ್ಮೆ, ಗುಡುಗು ಇಲ್ಲದ ಹೊತ್ತು ನೋಡಿ, ಹೊರಗೆ ತೆಗೆದು ಆನ್ ಮಾಡುತ್ತೇನೆ. ಬ್ಯಾಟರಿ ಎಷ್ಟಿದೆ, ತಂತಿ ಸರಿ ಇದೆಯಾ, ಬೆಂಗಳೂರು ಕೇಳುತ್ತಿದೆಯಾ ಅಂತ ನೋಡಿಕೊಳ್ಳಬೇಕಾದದ್ದು ಆ ತಿಂಗಳುಗಳಲ್ಲೇ.